ವಿಳಾಸವೇ ಇಲ್ಲದ ಗುರುವಿಗೆ ಸಮನ್ಸ್ ಜಾರಿ

ನಾಲ್ಕು ತಿಂಗಳು, ಹತ್ತು ಜಾಗ, 27 ಪ್ರಯತ್ನ. ಸೈಂಟಾಲಜಿ ಎಂಬ ಅಮೆರಿಕದ ಧಾರ್ಮಿಕ ಪಂಥದ ಚರ್ಚಿನ ಮುಖ್ಯಸ್ಥ ಡೇವಿಡ್ ಮಿಸ್ಕಾವಿಜ್‌ಗೆ ಒಂದು ಸಿವಿಲ್ ದಾವೆಯ ಸಮನ್ಸ್ ಮುಟ್ಟಿಸಲು ವಾದಿಗಳ ಕಡೆಯವರು ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲೂ ಲಾಸ್ ಏಂಜಲೀಸ್‌ನಲ್ಲೂ ಇಷ್ಟು ಅಲೆದರು. ಕೊನೆಗೆ 2023ರ ಫೆಬ್ರುವರಿಯಲ್ಲಿ ಟ್ಯಾಂಪಾದ ಫೆಡರಲ್ ಕೋರ್ಟಿನ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶೆ ಜೂಲಿ ಸ್ನೀಡ್ ಆದೇಶ ಬರೆದರು: ಇವರು ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾರೆ, ಸಮನ್ಸ್ ಜಾರಿಯಾಗಿದೆ ಎಂದೇ ಪರಿಗಣಿಸಲಾಗುವುದು, 21 ದಿನದೊಳಗೆ ಉತ್ತರ ಸಲ್ಲಿಸಲಿ.

ಇದನ್ನು ಓದಿ ‘ಎಂಥಾ ಚಾಲಾಕಿ’ ಅನ್ನುವವರಿದ್ದಾರೆ. ನನಗೆ ಇದರಲ್ಲಿ ಚಾಲಾಕಿತನ ಕಾಣುವುದಿಲ್ಲ. ಗೇಟಿಗೆ ನಾಲ್ಕು ಜನ ಕಾವಲುಗಾರರನ್ನು ನಿಲ್ಲಿಸುವ ದುಡ್ಡಿದ್ದರೆ ಯಾರು ಬೇಕಾದರೂ ಇದನ್ನು ಮಾಡಬಹುದು. ನನ್ನ ತಕರಾರು 27 ಅನ್ನುವ ಅಂಕಿಯ ಮೇಲೆ. ಅಷ್ಟು ಸಲ ವಾದಿ ಯಾಕೆ ಅಲೆಯಬೇಕಾಯಿತು?

ದಾವೆ ಹೂಡಿದ್ದು 2022ರ ಏಪ್ರಿಲ್‌ನಲ್ಲಿ. ಚರ್ಚಿನ ‘ಸೀ ಆರ್ಗ್’ ಎಂಬ ಪೂರ್ಣಾವಧಿ ಸೇವೆಯ ವಿಭಾಗದಲ್ಲಿ ಚಿಕ್ಕಂದಿನಿಂದ ಬಲವಂತವಾಗಿ ದುಡಿಸಿಕೊಂಡರು ಎಂಬುದು ಮೂವರು ಮಾಜಿ ಸದಸ್ಯರ ಆರೋಪ. ಚರ್ಚ್ ಇದನ್ನು ಅಲ್ಲಗಳೆದಿದೆ. ಪ್ರತಿವಾದಿಗಳಲ್ಲಿ ಚರ್ಚಿನ ಐದು ಸಂಸ್ಥೆಗಳಿದ್ದವು, ಜೊತೆಗೆ ವೈಯಕ್ತಿಕವಾಗಿ ಮಿಸ್ಕಾವಿಜ್. ಇಲ್ಲೇ ಇರುವುದು ಗಂಟು. ಸಂಸ್ಥೆಗೆ ಅದರ ಪರವಾಗಿ ಕೋರ್ಟಿನ ಕಾಗದ ಪಡೆಯುವ ನೋಂದಾಯಿತ ಏಜೆಂಟ್ ಇರುತ್ತಾನೆ, ಕಚೇರಿ ಸಮಯದಲ್ಲಿ ಹೋಗಿ ಕೊಟ್ಟರೆ ಮುಗಿಯಿತು. ವ್ಯಕ್ತಿಗೆ ಹಾಗಲ್ಲ. ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯೆಯ 4ನೇ ನಿಯಮದ ಪ್ರಕಾರ ಖುದ್ದಾಗಿ ಕೈಗೆ ಕೊಡಬೇಕು, ಇಲ್ಲವೇ ಅವನು ವಾಸಿಸುವ ಮನೆಯಲ್ಲಿ, ಅದೇ ಮನೆಯಲ್ಲಿ ವಾಸವಿರುವ ತಿಳಿವಳಿಕೆಯುಳ್ಳ ಒಬ್ಬರ ಬಳಿ ಬಿಟ್ಟುಬರಬೇಕು, ಇಲ್ಲವೇ ಅಧಿಕಾರ ಪಡೆದ ಏಜೆಂಟನಿಗೆ ಕೊಡಬೇಕು. ಆಯಾ ರಾಜ್ಯದ ಕಾನೂನು ಒಪ್ಪುವ ದಾರಿಯೂ ನಡೆಯುತ್ತದೆ.

ಈಗ ಗೇಟಿನ ಮುಂದೆ ನಿಂತು ನೋಡಿ. ಕಾಗದ ಹಿಡಿದು ಬಂದವನಿಗೆ ಕಾವಲುಗಾರ ಹೇಳುವುದು ಮೂರೇ ಮಾತು: ಅವರು ಎಲ್ಲಿರುತ್ತಾರೋ ಗೊತ್ತಿಲ್ಲ, ಎಲ್ಲಿ ಕೆಲಸ ಮಾಡುತ್ತಾರೋ ಗೊತ್ತಿಲ್ಲ, ಕಾಗದ ತೆಗೆದುಕೊಳ್ಳುವುದಿಲ್ಲ. ಈ ಮೂರು ಮಾತು ನಿಯಮದ ಮೂರೂ ದಾರಿಯನ್ನು ಮುಚ್ಚುತ್ತವೆ. ಪ್ರತಿವಾದಿಯೇ ಎದುರಿಗೆ ಸಿಕ್ಕು ‘ಬೇಡ’ ಅಂದಿದ್ದರೆ ಕಷ್ಟವಿರಲಿಲ್ಲ; ಇದು ಇಂಥ ಕೇಸಿನ ಕಾಗದ ಎಂದು ಹೇಳಿ ಕಾಲ ಬಳಿ ಇಟ್ಟು ಬಂದರೂ ಅಲ್ಲಿನ ಕೋರ್ಟುಗಳು ಸಾಮಾನ್ಯವಾಗಿ ಜಾರಿ ಎಂದೇ ಒಪ್ಪುತ್ತವೆ. ಹಾಗಾಗಿಯೇ ಮುಖ ಕಾಣದಂತೆ ನೋಡಿಕೊಳ್ಳುವುದು. ಜಗತ್ತಿನಾದ್ಯಂತ ಕಟ್ಟಡಗಳಿರುವ ಸಂಸ್ಥೆಯ ಯಜಮಾನನಿಗೆ ಸ್ವಂತ ವಿಳಾಸ ಮಾತ್ರ ಇರುವುದಿಲ್ಲ!

ಇದರಿಂದ ಲಾಭವೇನು? ಕೇಸಿನ ಗುಣದೋಷ ಒಂದಿಷ್ಟೂ ಬದಲಾಗುವುದಿಲ್ಲ. ಆದರೆ ಸಮನ್ಸ್ ಜಾರಿಗೆ ಅಲ್ಲಿ 90 ದಿನದ ಗಡುವಿದೆ. ಸಕಾರಣ ತೋರಿಸಿ ವಿಸ್ತರಣೆ ಪಡೆಯದಿದ್ದರೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು. ವಾದಿಯ ದುಡ್ಡು ಕರಗುತ್ತದೆ. ವಿಚಿತ್ರವೆಂದರೆ, ಅಂಚೆಯಲ್ಲಿ ಕಳಿಸಿದ ಮನವಿಗೆ ಸಹಿ ಹಾಕಿ ‘ಔಪಚಾರಿಕ ಜಾರಿ ಬೇಡ’ ಅಂದುಬಿಟ್ಟರೆ ಉತ್ತರಕ್ಕೆ 21ರ ಬದಲು 60 ದಿನ ಸಿಗುತ್ತದೆ. ಕಾರಣವಿಲ್ಲದೆ ನಿರಾಕರಿಸಿದರೆ ಜಾರಿಯ ಖರ್ಚು ತಲೆಗೆ ಬೀಳುತ್ತದೆ. ಕೋಟ್ಯಧಿಪತಿಗಳಿಗೆ ಆ ಖರ್ಚು ಲೆಕ್ಕಕ್ಕೇ ಇಲ್ಲ, ಹಾಗಾಗಿ ನಿಯಮಕ್ಕೆ ಹಲ್ಲೂ ಇಲ್ಲ.

ಇಂಥವರನ್ನು ಮಣಿಸುವುದು ಓಟವಲ್ಲ, ದಾಖಲೆ. ಪ್ರತಿ ಭೇಟಿಗೂ ತಾರೀಖು, ಗಂಟೆ, ಯಾವ ಗೇಟು, ಮಾತಾಡಿದವರು ಯಾರು, ಹೆಸರು ಹೇಳದಿದ್ದರೆ ಚಹರೆ, ಅವರಾಡಿದ ಮಾತು ಹಾಗೆಯೇ. ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವನು ಖುದ್ದು ಹೋಗಿ ಬಂದವನೇ; ವಕೀಲರ ಗುಮಾಸ್ತ ಕೇಳಿ ಬರೆದದ್ದಕ್ಕೆ ತೂಕವಿಲ್ಲ. ಮೂರು ಸಲವೂ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೇ ಹೋದರೆ ಅದನ್ನು ಶ್ರದ್ಧೆಯ ಪ್ರಯತ್ನ ಅನ್ನಲಾಗದು. ಬೆಳಗಿನ ಜಾವ, ರಾತ್ರಿ, ಭಾನುವಾರ, ಸಾರ್ವಜನಿಕ ಸಮಾರಂಭದ ದಿನ ಎಲ್ಲ ಇರಬೇಕು. ಆ ವಿಳಾಸವೇ ಯಾಕೆ ಅನ್ನುವುದಕ್ಕೂ ಆಧಾರ ಬೇಕು: ಆಸ್ತಿ ದಾಖಲೆ, ಹಳೆಯ ಕೇಸಿನ ಕಡತ, ಸಂಸ್ಥೆಯದೇ ಪ್ರಕಟಣೆ. ಇಷ್ಟು ಇದ್ದರೆ ಬದಲಿ ಜಾರಿಯ, ಅಂದರೆ ಖುದ್ದು ಕೊಡದೆ ಬೇರೆ ದಾರಿಯಲ್ಲಿ ಮುಟ್ಟಿಸುವುದರ, ಬಾಗಿಲು ತೆರೆಯುತ್ತದೆ. ಫ್ಲಾರಿಡಾದಲ್ಲಿ ವ್ಯವಹಾರ ನಡೆಸಿ ತಲೆಮರೆಸಿಕೊಂಡವರ ಪರವಾಗಿ ಅಲ್ಲಿನ ರಾಜ್ಯ ಸರ್ಕಾರದ ಸೆಕ್ರೆಟರಿ ಆಫ್ ಸ್ಟೇಟ್ ಎಂಬ ಅಧಿಕಾರಿಯ ಕಚೇರಿಗೇ ಸಮನ್ಸ್ ಕೊಡಬಹುದು. ಜೊತೆಗೆ ಪ್ರತಿವಾದಿಗೂ ಅಂಚೆಯಲ್ಲಿ ಕಳಿಸಿ, ರಸೀದಿಯನ್ನು ಕೋರ್ಟಿಗೆ ಹಾಕಬೇಕು. ಇಲ್ಲಿ ಎಡವಿದರೆ ಮುಂದೆ ಸಿಗುವ ಏಕಪಕ್ಷೀಯ ತೀರ್ಪನ್ನೇ ‘ಜಾರಿ ಸರಿಯಿರಲಿಲ್ಲ’ ಎಂದು ಉರುಳಿಸುತ್ತಾರೆ. ವಾದಿಯ ವಕೀಲರು 27 ಸಲ ಕಳಿಸಿದ್ದರ ಹಿಂದೆ ಈ ಭಯವೂ ಇದ್ದೀತು.

ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ, ಕಾಗದದ ಮೇಲಂತೂ, ಇದಕ್ಕಿಂತ ಗಟ್ಟಿ. ಸ್ವಾಮಿಗಳು ಸಿಗಲಿಲ್ಲವೋ, ಸಹಿ ಹಾಕಲಿಲ್ಲವೋ, 17ನೇ ನಿಯಮದಂತೆ ಕೋರ್ಟಿನ ಅಮೀನ ಬಾಗಿಲಿಗೆ ಅಂಟಿಸಿ, ಮನೆ ತೋರಿಸಿದವರ ಮತ್ತು ಸಾಕ್ಷಿಗಳ ಹೆಸರು ಬರೆದು ಷರಾ ಹಾಕಬಹುದು. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಕೋರ್ಟಿಗೆ ಮನವರಿಕೆಯಾದರೆ 20ನೇ ನಿಯಮದಂತೆ ಪತ್ರಿಕೆಯಲ್ಲಿ ಪ್ರಕಟಣೆ; ಅದು ಖುದ್ದು ಜಾರಿಗೆ ಸಮ. ಆದರೆ ಮಠದ ಪರಿಚಾರಕನ ಕೈಗೆ ಕೊಟ್ಟು ‘ಜಾರಿಯಾಗಿದೆ’ ಎಂದು ಷರಾ ಬರೆದರೆ ಕೆಟ್ಟಿತು. 15ನೇ ನಿಯಮ ಒಪ್ಪುವುದು ಜೊತೆಗಿರುವ ವಯಸ್ಕ ಕುಟುಂಬ ಸದಸ್ಯರನ್ನು. ಸೇವಕ ಕುಟುಂಬ ಸದಸ್ಯನಲ್ಲ ಎಂದು ಅಲ್ಲೇ ವಿವರಣೆ ಇದೆ. ಸನ್ಯಾಸಿಗೆ ಕುಟುಂಬ ಎಲ್ಲಿಂದ ತರೋಣ?

ನನ್ನನ್ನು ಕೇಳಿದರೆ, ಬೇರೆ ಬೇರೆ ಹೊತ್ತಿನಲ್ಲಿ ಐದಾರು ಪ್ರಾಮಾಣಿಕ ಪ್ರಯತ್ನ ದಾಖಲಾದರೆ ಸಾಕು. ಆಮೇಲೆ ಅದೇ ಕೇಸಿನಲ್ಲಿ ಅವರ ಸಂಸ್ಥೆಯ ಪರ ಹಾಜರಾಗಿರುವ ವಕೀಲರಿಗೆ ಕೊಟ್ಟದ್ದನ್ನೇ ಜಾರಿ ಅನ್ನಬೇಕು. ಐದು ಸಂಸ್ಥೆಗಳು ವಕೀಲರನ್ನಿಟ್ಟು ವಾದಿಸುತ್ತಿರುವಾಗ ಅವುಗಳ ಯಜಮಾನನಿಗೆ ಕೇಸಿನ ಸುದ್ದಿ ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ?

ಅಂದಹಾಗೆ, ಜಾರಿಯ ಆದೇಶ ಬಂದು ಎರಡು ತಿಂಗಳೂ ಆಗಿರಲಿಲ್ಲ, ಮಾರ್ಚ್ ಕೊನೆಯಲ್ಲಿ ನ್ಯಾಯಾಧೀಶ ಥಾಮಸ್ ಬಾರ್ಬರ್ ಇಡೀ ವಿವಾದವನ್ನು ಚರ್ಚಿನದೇ ಆಂತರಿಕ ಪಂಚಾಯ್ತಿಗೆ ಕಳಿಸಿದರು. ವಾದಿಗಳು ಹಿಂದೆ ಸಹಿ ಹಾಕಿದ್ದ ಒಪ್ಪಂದಗಳಲ್ಲಿ ಹಾಗೆ ಬರೆದಿತ್ತು.