ಸ್ಪಷ್ಟನೆ: ಸಿನಿಮಾ ಮೊದಲು ನೋಡಿದರೆ ಪುಸ್ತಕ ಕೆಡುತ್ತದೆಯೇ?

‘ಸಿನಿಮಾ ಮೊದಲು ನೋಡಿಬಿಟ್ಟರೆ ಪುಸ್ತಕದ ಸ್ವಾರಸ್ಯವೆಲ್ಲ ಹೋಯಿತು, ಇದು ಸಂಶೋಧನೆಯಲ್ಲೇ ಸಾಬೀತಾಗಿದೆ’ ಎಂಬ ಸಂದೇಶವೊಂದು ಹರಿದಾಡುತ್ತಿದೆ. ಅದು ಸರಿಯಲ್ಲ.

ಈ ವಿಷಯಕ್ಕೆ ಹತ್ತಿರದ, ಹೆಸರಾದ ಪ್ರಯೋಗ ಹೇಳಿದ್ದು ಬೇರೆಯದನ್ನೇ. 2011ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣಕತೆಗಳನ್ನು ಓದಲು ಕೊಟ್ಟಿದ್ದರು. ಕೊನೆ ಏನೆಂದು ಮೊದಲೇ ತಿಳಿದು ಓದಿದವರೇ ಒಟ್ಟಾರೆ ಹೆಚ್ಚು ಮೆಚ್ಚಿಕೊಂಡರು, ಪತ್ತೇದಾರಿ ಕತೆಗಳನ್ನೂ. ಹಾಗಂತ ಅದನ್ನೂ ಹಿಗ್ಗಿಸುವುದು ಬೇಡ: ಅಲ್ಲಿ ಸಿನಿಮಾ ಇರಲಿಲ್ಲ, ಆಮೇಲಿನ ಕೆಲವು ಪ್ರಯೋಗಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ.

ಅಷ್ಟಕ್ಕೂ ಸಿನಿಮಾ ನೋಡಿದ ಮಾತ್ರಕ್ಕೆ ಪುಸ್ತಕ ಗೊತ್ತಾಯಿತು ಅನ್ನುವುದೇ ಅನುಮಾನ. 1972ರ ‘ನಾಗರಹಾವು’ ತರಾಸು ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದದ್ದು. ಅದನ್ನು ಹತ್ತು ಸಲ ನೋಡಿದವರಿಗೂ ಓದುವುದು ಬೇಕಾದಷ್ಟು ಬಾಕಿ ಇರುತ್ತದೆ.

ಸಂದೇಶದಲ್ಲಿ ಒಂದು ಮಾತು ಮಾತ್ರ ನಿಜ: ಸಿನಿಮಾದಲ್ಲಿ ಕಂಡ ನಟನ ಮುಖ ಮನಸ್ಸಿಗೆ ಅಂಟಿಕೊಳ್ಳುತ್ತದೆ. ನಾಯಕ ಕುಳ್ಳ, ಬಕ್ಕತಲೆಯವ ಎಂದು ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಕಣ್ಣಮುಂದೆ ಬರುವುದು ದಟ್ಟ ಕೂದಲಿನ ಆ ಎತ್ತರದ ನಟನೇ. ನನಗಂತೂ ಐವತ್ತು ಪುಟ ದಾಟುವವರೆಗೆ ಆಸಾಮಿ ಜಾಗ ಬಿಟ್ಟುಕೊಡುವುದಿಲ್ಲ. ಆದರೆ ಪಾತ್ರ ತನ್ನೊಳಗೇ ಗೊಣಗಿಕೊಳ್ಳುವ ಕಡೆ ಬಂದಾಗ ಆ ಮುಖ ತಾನಾಗಿ ಮಸುಕಾಗುತ್ತದೆ; ಕ್ಯಾಮೆರಾ ಅಲ್ಲಿಗೆ ಹೋಗಿರಲಿಲ್ಲವಲ್ಲ.