ಮರ ಕಡೆಯುವವರ ಕಿವಿ

ಮೊಸರನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ ಇಟ್ಟವರು ಸುಮ್ಮನೆ ಇಟ್ಟಿರಲಾರರು. ಎರಡರಲ್ಲೂ ಕೆಲಸ ಹದಕ್ಕೆ ಬಂತೋ ಇಲ್ಲವೋ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಮರವನ್ನು ಗಿರಗಿರ ತಿರುಗಿಸುವ ಲೇತಿನ ಮುಂದೆ ನಿಂತ ಹೊಸಬರ ಜೀವವೆಲ್ಲ ಉಳಿಯ ಮೊನೆಯಲ್ಲಿರುತ್ತದೆ. ಪಕ್ಕದಲ್ಲಿ ಕೈಕಟ್ಟಿ ನಿಂತ ಹಳಬರು ಅತ್ತ ನೋಡುತ್ತಲೂ ಇರುವುದಿಲ್ಲ. ‘ಸುರ್’ ಎನ್ನುತ್ತಿದ್ದ ಸದ್ದು ‘ಕಟಕಟ’ ಆಯಿತೋ, ‘ಹಿಡಿಕೆ ತಗ್ಗಿಸಿ’ ಎನ್ನುತ್ತಾರೆ.

ಈ ಒಂದು ಮಾತಿಗಾಗಿಯೇ ಮರಗೆಲಸದ ಕ್ಲಬ್ಬು ಬೇಕು. ವಿಡಿಯೋದಲ್ಲಿ ಉಳಿ ಎಲ್ಲಿದೆ ಎಂದು ಕಾಣುತ್ತದೆ, ಎಷ್ಟು ಒತ್ತಿದ್ದಾರೆ ಎಂದು ಕಾಣುವುದಿಲ್ಲ. ಒತ್ತಲೇಬಾರದು ಎಂಬುದಂತೂ ಯಾರಾದರೂ ಮೊಣಕೈ ಹಿಡಿದು ತೋರಿಸುವ ತನಕ ತಲೆಗೆ ಹೋಗುವುದೇ ಇಲ್ಲ. 1986ರಲ್ಲಿ ಮರ ಕಡೆಯುವವರ ಸಂಘವಾದ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ಹುಟ್ಟಿದಾಗಿನಿಂದ ಅದರ ಕಲಿಕೆಯೆಲ್ಲ ನಡೆದಿರುವುದು ಹೆಚ್ಚಾಗಿ ಇಂಥ ಊರೂರಿನ ಸಣ್ಣ ಗುಂಪುಗಳಲ್ಲೇ.

ಕಲಿಸುವ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಉಳಿ ಮೊದಲು ಲೇತಿನ ಆಸರೆಪಟ್ಟಿಯ ಮೇಲೆ ಕೂರಬೇಕು, ಮರವನ್ನು ಆಮೇಲೆ ಮುಟ್ಟಬೇಕು. ಮುಟ್ಟುವುದೂ ಅಲಗಿನಿಂದಲ್ಲ, ಅಲಗಿನ ಹಿಂದೆ ಸಾಣೆ ಹಿಡಿದ ಇಳಿಜಾರು ಮೈಯಿಂದ, ಅಂದರೆ ಬೆವೆಲ್‌ನಿಂದ. ಬೆವೆಲ್ ತಿರುಗುವ ಮರವನ್ನು ಸುಮ್ಮನೆ ಸವರುತ್ತಿರುವಾಗ ಹಿಡಿಕೆಯನ್ನು ಕೂದಲೆಳೆಯಷ್ಟೇ ಮೇಲೆತ್ತಿ. ಅಲಗು ತಾನಾಗಿ ಇಳಿದು ಚಕ್ಕೆ ಸುರುಳಿ ಬಿಚ್ಚುತ್ತದೆ. ಈ ಕೆಲಸಕ್ಕೆ ಬಳಸುವ ತೋಡುಳಿಗೆ ಗೌಜ್ ಎಂದು ಹೆಸರು. ಕನ್ನಡದ ಕಿವಿಗೆ ಅದು ಗಲಾಟೆಯಂತೆ ಕೇಳಿದರೂ, ನೆಟ್ಟಗೆ ಹಿಡಿದರೆ ಅಷ್ಟು ಮೆತ್ತಗಿನ ಸದ್ದು ಇನ್ನೊಂದಿಲ್ಲ.

ನಿಜವಾದ ಗೌಜು-ಗಲಾಟೆ ಏನಿದ್ದರೂ ಸ್ಕ್ಯೂ ಉಳಿಯದು. ಓರೆ ಅಂಚಿನ ಈ ಚಪ್ಪಟೆ ಉಳಿ ಮೇಣದಂಥ ನುಣುಪು ಕೊಡುತ್ತದೆ, ಕೊಡುವ ಮುಂಚೆ ಕಣ್ಣೀರು ಹಾಕಿಸುತ್ತದೆ. ಉದ್ದನೆಯ ಮೊನೆ ಮೇಲಿದ್ದಾಗ ಅಂಚಿನ ನಡು ಮತ್ತು ಕೆಳಗಿನ ಪಾಲು ಮಾತ್ರ ಮರ ಕೊಯ್ಯಬೇಕು. ಕೊಯ್ತ ಒಂದಿಷ್ಟು ಮೇಲಕ್ಕೆ ಸರಿಯಿತೋ, ಆಸರೆಯಿಲ್ಲದ ಆ ಮೊನೆಯನ್ನು ಮರ ಕಚ್ಚಿ ಎಳೆದುಕೊಳ್ಳುತ್ತದೆ. ‘ಢಬ್’ ಎಂಬ ಸದ್ದಿನ ಹಿಂದೆಯೇ ನುಣ್ಣಗಾಗಿದ್ದ ದಿಂಡಿನ ಮೇಲೆ ತಿರುಪುಮೊಳೆಯಂಥ ಸುರುಳಿ ಗಾಯ. ಇದಕ್ಕೆ ‘ಕ್ಯಾಚ್’ ಎನ್ನುತ್ತಾರೆ. ಹಿಡಿದದ್ದು ಯಾರು, ಸಿಕ್ಕಿಬಿದ್ದದ್ದು ಯಾರು ಎಂದು ಬೇರೆ ಹೇಳಬೇಕಿಲ್ಲ.

ಮರದ ಎಳೆಗಳು ಕಡ್ಡಿಯ ಕಟ್ಟಿನಂತೆ. ಕಟ್ಟನ್ನು ದಪ್ಪದಿಂದ ಸಣ್ಣಕ್ಕೆ ಕೊಯ್ದರೆ ಪ್ರತಿ ಕಡ್ಡಿಗೂ ಕೆಳಗಿನ ಕಡ್ಡಿಯ ಆಸರೆ ಸಿಗುತ್ತದೆ, ಎದುರು ಹೋದರೆ ಕಡ್ಡಿ ಎದ್ದು ಸೀಳುತ್ತದೆ. ಹಾಗಾಗಿ ಕಂಬದಂಥ ಕೆಲಸದಲ್ಲಿ ಯಾವಾಗಲೂ ಉಬ್ಬಿನಿಂದ ತಗ್ಗಿಗೆ. ಬಟ್ಟಲಿನಲ್ಲಿ ಎಳೆ ಅಡ್ಡಲಾಗಿರುವುದರಿಂದ ಲೆಕ್ಕ ತಿರುಗುಮುರುಗು: ಹೊರಮೈಯನ್ನು ಪಾದದಿಂದ ಬಾಯಿಗೆ, ಒಳಮೈಯನ್ನು ಬಾಯಿಂದ ತಳಕ್ಕೆ. ಇಷ್ಟಾದರೂ ಪ್ರತಿ ಸುತ್ತಿಗೆ ಎರಡು ಸಲ ಎಳೆಯ ತುದಿ ಎದುರಾಗುತ್ತದೆ. ಮುಗಿದ ಬಟ್ಟಲಿನಲ್ಲಿ ಎದುರುಬದುರಾಗಿ ಎರಡೇ ಕಡೆ ತರಕಲು ಕಂಡರೆ ಹೆಚ್ಚಾಗಿ ಉಳಿ ಮೊಂಡಾಗಿತ್ತು ಎಂದೇ ಅರ್ಥ. ಅದನ್ನು ಉಪ್ಪುಕಾಗದದಿಂದ ಮುಚ್ಚಲು ಹೋಗುವುದು ಹೊಸಬರ ಚಾಳಿ. ತಿಕ್ಕಿದಷ್ಟೂ ಮೆದು ಭಾಗ ಸವೆದು ಬಟ್ಟಲು ವಕ್ರವಾಗುತ್ತದೆಯೇ ಹೊರತು ತರಕಲು ಅಲ್ಲೇ ಇರುತ್ತದೆ. ಸಾಣೆ ಹಿಡಿದು, ಹಗುರವಾಗಿ ಇನ್ನೊಂದು ಸುತ್ತು ಕಡೆಯುವುದೇ ಮದ್ದು. ಸಾಣೆ ಸರಿ ಕೂತಿದೆಯೇ ಎಂದು ನೋಡಲು ಬೆವೆಲ್‌ಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಚಕ್ರಕ್ಕೆ ಮೆಲ್ಲಗೆ ತಾಕಿಸಿ. ಮಸಿ ಹಿಮ್ಮಡಿಯಲ್ಲಷ್ಟೇ, ಅಂದರೆ ಅಲಗಿಗೆ ದೂರದ ತುದಿಯಲ್ಲಷ್ಟೇ ಅಳಿಸಿದರೆ ಅಲಗು ಇನ್ನೂ ಚಕ್ರ ಕಂಡಿಲ್ಲ.

ವೇಗಕ್ಕೊಂದು ಬಾಯಿಲೆಕ್ಕ ಇದೆ: ಇಂಚಿನಲ್ಲಿ ವ್ಯಾಸವನ್ನೂ ನಿಮಿಷದ ಸುತ್ತನ್ನೂ ಗುಣಿಸಿದರೆ 6000ದಿಂದ 9000ದ ಒಳಗಿರಬೇಕು. 10 ಇಂಚಿನ ಬಟ್ಟಲಿಗೆ 600ರಿಂದ 900 ಸುತ್ತು. ಅದೂ ದುಂಡಾದ ಮೇಲೆ. ಅಂಕುಡೊಂಕು ಕೊರಡನ್ನು ಲೇತು ನಡುಗದಷ್ಟು ನಿಧಾನಕ್ಕೇ ಶುರುಮಾಡಬೇಕು. ಸ್ವಿಚ್ಚು ಒತ್ತುವ ಮುನ್ನ ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡುವುದು, ಮುಖಕ್ಕೆ ಪೂರ್ತಿ ಕವಚ ಹಾಕುವುದು, ಕೈಗವಸು ಹಾಕದಿರುವುದು, ಇವುಗಳ ಬಗ್ಗೆ ಕ್ಲಬ್ಬಿನಲ್ಲಿ ಚರ್ಚೆಯಿಲ್ಲ, ಗದರಿಕೆಯಷ್ಟೇ. ಇನ್ನೊಂದು ಗದರಿಕೆ ದಿಂಡು ಕೆತ್ತುವ ದೊಡ್ಡ ರಫಿಂಗ್ ಗೌಜಿನದು. ಹಿಡಿಕೆಯೊಳಗೆ ಹೋಗುವ ಅದರ ಬಾಲ ತೆಳು. ಬಟ್ಟಲಿಗೆ ಹಚ್ಚಿದರೆ ಅಲ್ಲೇ ಮುರಿದು ಹಾರಬಹುದು.

ಹಸಿ ಮರ ಕಡೆಯಲು ಬಲು ಸುಖ. ನೀರು ಸಿಡಿಯುತ್ತ ರಿಬ್ಬನ್ನಿನಂಥ ಚಕ್ಕೆ ಬರುತ್ತದೆ. ಆದರೆ ಒಣಗುವಾಗ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿಗಿಂತ ಸುಮಾರು ಎರಡು ಪಟ್ಟು, ಉದ್ದಕ್ಕಂತೂ ಇಲ್ಲವೆನ್ನುವಷ್ಟು ಕಡಿಮೆ. ದುಂಡು ಬಟ್ಟಲು ಮೊಟ್ಟೆಯಾಕಾರವಾಗುವುದು ಇದರಿಂದಲೇ. ಉಪಾಯ ಹಳೆಯದು: ಬಿರುಕಿನ ಮೂಲವಾದ ತಿರುಳನ್ನು ಕೊಯ್ದು ಬಿಸಾಡಿ, ವ್ಯಾಸದ ಹತ್ತನೇ ಒಂದರಷ್ಟು ಗೋಡೆ ಬಿಟ್ಟು ಒರಟಾಗಿ ಕಡೆದು, ಎಳೆಯ ತುದಿಗೆ ಮೇಣ ಹಚ್ಚಿ ನೆರಳಲ್ಲಿಡುವುದು. ಆಗಾಗ ತೂಗಿ ಬರೆದಿಟ್ಟರೆ, ತೂಕ ಇಳಿಯುವುದು ನಿಂತ ದಿನ ಮರ ಒಣಗಿದೆ ಎಂದು ಲೆಕ್ಕ. ಅದಕ್ಕೆ ಆರು ತಿಂಗಳೂ ಹಿಡಿಯಬಹುದು, ವರ್ಷವೂ ಹಿಡಿಯಬಹುದು. ಆಗ ಮತ್ತೆ ಲೇತಿಗೇರಿಸಿ ದುಂಡು ಮಾಡುವಷ್ಟು ಗೋಡೆ ಉಳಿದಿರುತ್ತದೆ.

ಹಾಗೆ ಮುಗಿದದ್ದು ಕ್ಲಬ್ಬಿನ ಮೇಜಿನ ಮೇಲೆ ಬಂದು ಕೂರುತ್ತದೆ. ಕಡೆಯದವರು ಅದರ ಹೊಳಪು ಹೊಗಳುತ್ತಾರೆ. ಕಡೆಯುವವರು ಎತ್ತಿಕೊಂಡು ಮೊದಲು ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ ಇಟ್ಟು ಬಾಯಿಂದ ತಳದವರೆಗೆ ಗೋಡೆಯ ದಪ್ಪ ಸವರುತ್ತಾರೆ. ಆಮೇಲೆ ತಪ್ಪದೆ ಬೋರಲು ಹಾಕಿ, ಪಾದದಲ್ಲಿ, ಮರವನ್ನು ಲೇತಿಗೆ ಕಚ್ಚಿ ಹಿಡಿಯುವ ಚಕ್ಕಿನ ಹಲ್ಲಿನ ಗುರುತು ಉಳಿದಿದೆಯೇ ಎಂದು ಹುಡುಕುತ್ತಾರೆ.