ಕರಡಿಕಲ್ಲಿಗೆ ನಡೆದು ಹೋದವರ ಬಳಿ ಯಾವ ದಾಖಲೆ ಕೇಳುತ್ತೀರಿ?

2025ರ ಮೇ 5ರಂದು ಜೇನುಕುರುಬ ಆದಿವಾಸಿಗಳ 52 ಕುಟುಂಬಗಳು ಮಕ್ಕಳುಮರಿ ಕರೆದುಕೊಂಡು ನಾಗರಹೊಳೆ ಕಾಡೊಳಗೆ ನಡೆದವು. ಹೋಗಿ ಸೇರಿದ್ದು ಕರಡಿಕಲ್ಲು ಅತ್ತೂರುಕೊಲ್ಲಿಗೆ. ನಲವತ್ತು ವರ್ಷದ ಹಿಂದೆ ತಮ್ಮ ಹಿರಿಯರನ್ನು ಒಕ್ಕಲೆಬ್ಬಿಸಿದ್ದು ಇದೇ ಹಾಡಿಯಿಂದ, ಅಂದರೆ ಕಾಡಿನ ಪುಟ್ಟ ಊರಿನಿಂದ, ಅನ್ನುತ್ತಾರೆ ಅವರು. ಇದನ್ನು ‘ಕಾಡು ಒತ್ತುವರಿ’ ಎಂದು ಈಗಲೂ ಬರೆಯುವವರಿದ್ದಾರೆ. ಅದಕ್ಕೇ ಈ ಉದ್ದ ಪೋಸ್ಟು.

ಹೊರಬಿದ್ದವರು ಹೋಗಿದ್ದಾದರೂ ಎಲ್ಲಿಗೆ? ಕೊಡಗಿನ ಕಾಫಿ ತೋಟಗಳ ಲೈನ್‌ ಮನೆಗಳಿಗೆ, ಕೂಲಿಗೆ. ದೇವರ ತಾಣಗಳೂ ಸಮಾಧಿಗಳೂ ಕಾಡಲ್ಲೇ ಉಳಿದವು.

2006ರ ಅರಣ್ಯ ಹಕ್ಕು ಕಾಯ್ದೆಯಡಿ ಇವರು ಅರ್ಜಿ ಹಾಕಿಕೊಂಡಿದ್ದರು. ಉಪಗ್ರಹ ಚಿತ್ರದಲ್ಲಿ ಅಲ್ಲಿ ಜನವಸತಿಯ ಕುರುಹೇ ಕಾಣುವುದಿಲ್ಲ ಎನ್ನುತ್ತದೆ ಅರಣ್ಯ ಇಲಾಖೆ. ಅಲ್ಲ ಸ್ವಾಮಿ, ಜನರನ್ನು ಎಬ್ಬಿಸಿ ಕಳಿಸಿದ ಮೇಲೆ ತೆಗೆದ ಚಿತ್ರದಲ್ಲಿ ಮನೆ ಕಾಣಬೇಕೆಂದರೆ ಹೇಗೆ? ಬಿದಿರಿನ ಗುಡಿಸಲು ಮಳೆಗಾಲ ಒಂದೆರಡು ಕಳೆದರೆ ಮಣ್ಣು ಸೇರುತ್ತದೆ. ಅದೇ ಕಾಯ್ದೆಯ ನಿಯಮ ತೆರೆದು ನೋಡಿ: ಸಮಾಧಿ, ಬಾವಿ, ಪವಿತ್ರ ಸ್ಥಳ ಎಲ್ಲವೂ ಸಾಕ್ಷ್ಯ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಉಪಗ್ರಹ ಚಿತ್ರವನ್ನು ಇವುಗಳ ಜೊತೆಗೆ ಇಟ್ಟು ನೋಡಬಹುದೇ ಹೊರತು ಇವುಗಳ ಬದಲಿಗೆ ಅಲ್ಲ ಎಂದು 2012ರ ತಿದ್ದುಪಡಿಯಲ್ಲೇ ಇದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಪುನರ್ವಸತಿ ಕೊಡದೆ ಅಕ್ರಮವಾಗಿ ಹೊರಹಾಕಿದವರಿಗೆ ಅಲ್ಲೇ ನೆಲೆ ಕೊಡುವ ಹಕ್ಕೂ ಕಾಯ್ದೆಯಲ್ಲಿದೆ. ಅಂದರೆ ಇವರು ಕೇಳುತ್ತಿರುವುದು ದಯೆಯನ್ನಲ್ಲ.

ಮೈಸೂರು ದಸರೆಯಲ್ಲಿ 750 ಕಿಲೋ ಅಂಬಾರಿ ಹೊತ್ತ ಆನೆಗೆ ಕೈಮುಗಿಯುತ್ತೇವಲ್ಲ, ಅಂಥ ಆನೆಗಳ ಶಿಬಿರಗಳ ಮಾವುತರು, ಕಾವಾಡಿಗಳಲ್ಲಿ ಜೇನುಕುರುಬರು ಎಷ್ಟೊಂದು ಮಂದಿ! ಆನೆ ಪಳಗಿಸಲು ಇವರು ಬೇಕು. ಹಾಡಿಗೆ ಹೋಗಿ ಕೂತರೆ ಮಾತ್ರ ಕಾಡಿಗೆ ಅಪಾಯ! (ತಮ್ಮ ಕುಂಡೆ ಹಬ್ಬದಲ್ಲಿ ದೇವರನ್ನೇ ಬಾಯಿಗೆ ಬಂದಂತೆ ಬೈಯುವ ಜನ ಇವರು. ಕಚೇರಿ ಮುಂದೆ ಇಷ್ಟು ತಾಳ್ಮೆಯಿಂದ ನಿಂತದ್ದೇ ಹೆಚ್ಚು.)

ಇದೇ ನಾಗರಹೊಳೆಯೊಳಗೆ ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ರೆಸಾರ್ಟ್ ನಡೆಸಲು ಜಾಗ ಕೊಟ್ಟದ್ದೂ ಉಂಟು. ಅದರ ವಿರುದ್ಧ ಹೋರಾಡಿ ಹೈಕೋರ್ಟಿಗೆ ಹೋದವರು ಆದಿವಾಸಿಗಳು. 1997ರಲ್ಲಿ ಕೋರ್ಟು ಅದನ್ನು ಅಕ್ರಮ ಎಂದಿತು. ಕಾಡು ಕಾದವರು ಯಾರು, ಹೇಳಿ.

ಹುಲಿಗಳ ಗತಿಯೇನು ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲಿನಲ್ಲಿ 2011ರಲ್ಲೇ ಅಲ್ಲಿನ ಆದಿವಾಸಿಗಳಾದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಅಲ್ಲಿ ಸೋಲಿಗರೂ ಇದ್ದಾರೆ, ಹುಲಿಯೂ ಇದೆ.

ಅರ್ಜಿಗಳನ್ನು ಮತ್ತೆ ನೋಡುವುದಾದರೆ ಮೇಜಿನ ಮೇಲೆ ಚಿತ್ರ ಹರಡಿಕೊಂಡು ಬೇಡ. ಹಾಡಿಯ ಹಿರಿಯರನ್ನು ಮುಂದೆ ಬಿಟ್ಟುಕೊಂಡು ಅಧಿಕಾರಿಗಳು ಹಿಂದೆ ನಡೆಯಲಿ. ಒಂದೊಂದು ಸಮಾಧಿ ಯಾರದೆಂದು ಕೇಳಿ, ಬರೆದುಕೊಳ್ಳಲಿ, ಗ್ರಾಮಸಭೆಯ ಮುಂದೆ ಓದಿ ಹೇಳಲಿ.